ಬಿದ್ದ ದಾಳ ಬಿದ್ದ ಹಾಗೇ ಇರಲಿ

ಮಾನ್ಯ ಸಂಪಾದಕರೇ,

ಪರೀಕ್ಷೆ ಮುಗಿದು ರಜೆ ಶುರುವಾದರೆ ಓದುಗರ ಪತ್ರಗಳಲ್ಲಿ ಒಂದು ದೂರು ತಪ್ಪುವುದಿಲ್ಲ. ಹುಡುಗರು ವಿಡಿಯೊ ಗೇಮಿಗೆ ಅಂಟಿಕೊಂಡಿದ್ದಾರೆ, ಗುಂಡು ಹಾರಿಸುವುದು ಬಿಟ್ಟರೆ ಅದರಲ್ಲಿ ಇನ್ನೇನಿದೆ ಎಂದು. ಗುಂಡು ಹಾರಿಸುವ ಆಟಗಳ ಪರವಾಗಿ ವಕಾಲತ್ತು ಹಾಕಲು ಈ ಪತ್ರ ಬರೆಯುತ್ತಿಲ್ಲ. ಮಾತೇ ಮುಖ್ಯವಾಗಿರುವ, ದಾಳ ಉರುಳಿಸಿ ಆಡುವ ದೊಡ್ಡದೊಂದು ಆಟವೂ ಇದೆ. ಅದು ‘ಬಾಲ್ಡರ್ಸ್ ಗೇಟ್ 3’. ಬೆಲ್ಜಿಯಂನ ಲಾರಿಯನ್ ಸ್ಟುಡಿಯೋಸ್ 2023ರ ಆಗಸ್ಟ್‌ನಲ್ಲಿ ಇದನ್ನು ಕಂಪ್ಯೂಟರಿಗೆ ಬಿಡುಗಡೆ ಮಾಡಿತು. ಆ ವರ್ಷದ ‘ದಿ ಗೇಮ್ ಅವಾರ್ಡ್ಸ್’ನಲ್ಲಿ ವರ್ಷದ ಆಟವೆಂಬ ಪ್ರಶಸ್ತಿಯೂ ಇದಕ್ಕೇ ಬಂತು. ಕೊನೆಯವರೆಗೆ ಆಡಿ ಮುಗಿಸಿದ ಮೇಲೆ ಹೇಳಬೇಕೆನಿಸುವುದು ಇಷ್ಟು: ಇಲ್ಲಿ ಸೋಲಿಗೂ ಗೆಲುವಿನಷ್ಟೇ ಕಾಳಜಿಯಿಂದ ಕಥೆ ಬರೆದಿದ್ದಾರೆ. ತುಂಬ ಜನ ಸೋಲನ್ನು ಅಳಿಸಿ ಅಳಿಸಿ ಆಡಿ, ಆ ಅರ್ಧವನ್ನು ನೋಡದೆಯೇ ಮುಗಿಸುತ್ತಾರೆ.

ಮುಂಬಯಿಯಲ್ಲಿ ತಾಳಮದ್ದಳೆ ಕೇಳುವವರಿಗೆ ಇದನ್ನು ವಿವರಿಸುವುದು ಸುಲಭ. ಸಂಧಾನ ಮುರಿದುಬೀಳುತ್ತದೆ ಎಂದು ಸಭೆಯಲ್ಲಿ ಕೂತ ಎಲ್ಲರಿಗೂ ಗೊತ್ತು. ಆದರೂ ಕೌರವನ ಅರ್ಥಧಾರಿ ಕೃಷ್ಣನನ್ನು ಯಾವ ಮಾತಿನಲ್ಲಿ ಸಿಕ್ಕಿಸುತ್ತಾರೆ, ಕೃಷ್ಣ ಅದರಿಂದ ಹೇಗೆ ಜಾರಿಕೊಳ್ಳುತ್ತಾನೆ ಎಂದು ನೋಡಲು ಕಾದಿರುತ್ತೇವೆ. ಈ ಆಟದ ಪ್ರಸಂಗವೂ ಗಟ್ಟಿಯಾಗಿ ಹೆಣೆದದ್ದೇ: ನಾಯಕನ ಕಣ್ಣಿನ ಮೂಲಕ ಮಿದುಳಿಗೆ ಒಂದು ಹುಳ ಬಿಟ್ಟಿದ್ದಾರೆ, ಅದನ್ನು ತೆಗೆಯದಿದ್ದರೆ ಅವನೇ ರಾಕ್ಷಸನಾಗುತ್ತಾನೆ. ಅರ್ಥ ಹೇಳುವ ಕೆಲಸ ಮಾತ್ರ ಆಡುವವರದು. ಒಂದು ವ್ಯತ್ಯಾಸವಿದೆ. ಇಲ್ಲಿ ನಿಮ್ಮ ಮಾತು ನಾಟಿತೋ ಇಲ್ಲವೋ ಎಂದು ತೀರ್ಮಾನಿಸುವುದು ಇಪ್ಪತ್ತು ಮುಖದ ದಾಳ.

ಈ ದಾಳದ ಸ್ವಭಾವ ನಮ್ಮ ಚೌಕಾಬಾರದ ಕವಡೆಯಂತಲ್ಲ. ಹೊಸಬರು ಎಡವುವುದು ಇಲ್ಲೇ. ಕವಡೆ ಬೋರಲು ಬೀಳುವುದೂ ಅಂಗಾತ ಬೀಳುವುದೂ ಸಮ ಎಂದಿಟ್ಟುಕೊಂಡರೆ, ನಾಲ್ಕು ಕವಡೆಗಳಲ್ಲಿ ಎರಡು ಬೀಳುವ ಸಾಧ್ಯತೆ 16ರಲ್ಲಿ 6, ಬಾರ ಬೀಳುವುದು 16ರಲ್ಲಿ 1. ನಡುವಿನ ಸಂಖ್ಯೆ ಹೆಚ್ಚು, ತುದಿಯದ್ದು ಅಪರೂಪ. ಇಪ್ಪತ್ತು ಮುಖದ ದಾಳದಲ್ಲಿ ತುದಿಯೂ ಇಲ್ಲ, ನಡುವೂ ಇಲ್ಲ. ಪ್ರತಿ ಸಂಖ್ಯೆಗೂ ಶೇ. 5. ಹತ್ತು ಬಿದ್ದಷ್ಟೇ ಸಲೀಸಾಗಿ ಒಂದೂ ಬೀಳುತ್ತದೆ. ಮಾತಿನ ಪರೀಕ್ಷೆಯಲ್ಲಿ ಒಂದು ಬಿದ್ದರೆ, ನಿಮ್ಮ ಪಾತ್ರ ಎಂಥ ವಾಚಾಳಿಯಾದರೂ ಸೋಲು ಖಚಿತ.

ಲೆಕ್ಕ ಹೀಗೆ. ಎದುರಿನವನನ್ನು ಒಪ್ಪಿಸಲು 15 ಬೇಕು ಎಂದು ಪರದೆಯ ಮೇಲೆ ಕಾಣುತ್ತದೆ ಎನ್ನೋಣ. ಪಾತ್ರದ ಕ್ಯಾರಿಸ್ಮಾ, ಅಂದರೆ ವರ್ಚಸ್ಸು, 16 ಇದ್ದರೆ 3 ಸೇರುತ್ತದೆ, ಪರ್ಸುಯೇಷನ್ ಎಂಬ ಒಪ್ಪಿಸುವ ವಿದ್ಯೆಯಲ್ಲಿ ಪಳಗಿದ್ದರೆ ಮೊದಲ ನಾಲ್ಕು ಲೆವೆಲ್‌ಗಳಲ್ಲಿ ಇನ್ನೂ 2. ಅಲ್ಲಿಗೆ ದಾಳದಲ್ಲಿ 10 ಅಥವಾ ಮೇಲೆ ಬಿದ್ದರೆ ಸಾಕು: ಶೇ. 55. ಗೈಡೆನ್ಸ್ ಎಂಬ ಚಿಕ್ಕ ಮಂತ್ರ ಸೇರಿಸಿದರೆ ನಾಲ್ಕು ಮುಖದ ಇನ್ನೊಂದು ದಾಳ ಕೂಡಿಕೊಂಡು ಅದು ಶೇ. 67.5 ಆಗುತ್ತದೆ. ಅಡ್ವಾಂಟೇಜ್ ಸಿಕ್ಕರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳಬಹುದು, ಆಗ ಸುಮಾರು ಶೇ. 80. ಎರಡೂ ಕೂಡಿದರೆ ಶೇ. 89. ಅದೇ ಮಾತನ್ನು ಕ್ಯಾರಿಸ್ಮಾ 8 ಇರುವ, ಆ ವಿದ್ಯೆ ಕಲಿಯದ ಕತ್ತಿವರಸೆಯವನು ಆಡಿದರೆ ಬರೀ ಶೇ. 25.

ಇದರಲ್ಲಿ ಅಡಗಿರುವ ತೊಡಕನ್ನು ಆಟ ಎಲ್ಲೂ ಬಿಡಿಸಿ ಹೇಳುವುದಿಲ್ಲ. ನಾಯಕನೂ ಜೊತೆಗಾರರೂ ಸೇರಿದ ನಾಲ್ವರ ತಂಡದಲ್ಲಿ ಮಾತು ಶುರುಮಾಡಿದವನೇ ಕೊನೆತನಕ ಮಾತಾಡಬೇಕು. ಪಕ್ಕದಲ್ಲಿ ನಿಂತ ಮಾತುಗಾರನ ಅಂಕ ಅವನಿಗೆ ದಕ್ಕುವುದಿಲ್ಲ. ಗೈಡೆನ್ಸ್‌ನಂಥ ಮಂತ್ರ ಹಾಕಿ ನೆರವಾಗಬಹುದು, ಅಷ್ಟೆ. ಹಾಗಾಗಿ ಹೊಸ ಜಾಗಕ್ಕೆ ಕಾಲಿಡುವ ಮೊದಲು ಮಾತಿನವನನ್ನೇ ಮುಂದೆ ಬಿಡಿ. ಕತ್ತಿಯವನು ಮುಂದಿದ್ದಾಗ ದೃಶ್ಯ ತಾನಾಗಿ ಶುರುವಾದರೆ, ಶೇ. 25ರ ಲೆಕ್ಕವೇ ಗತಿ. ಇನ್‌ಸ್ಪಿರೇಷನ್ ಅಂಕಗಳನ್ನೂ ಕೂಡಿಟ್ಟು ಪ್ರಯೋಜನವಿಲ್ಲ. ನಾಲ್ಕಕ್ಕಿಂತ ಹೆಚ್ಚು ಸೇರುವುದಿಲ್ಲ, ಒಂದಕ್ಕೆ ಒಂದು ಮರುದಾಳ ಸಿಗುತ್ತದೆ. ನಾಲ್ಕು ತುಂಬಿದ್ದರೆ ಮುಂದಿನ ಮಾತಿನಲ್ಲೇ ಒಂದು ಖರ್ಚು ಮಾಡಿ.

ಇಷ್ಟೆಲ್ಲ ಸಿದ್ಧಮಾಡಿಕೊಂಡರೂ ಹತ್ತರಲ್ಲಿ ಒಮ್ಮೆ ಸೋಲುತ್ತೀರಿ. ಆಗ ಬೆರಳು ತಾನಾಗಿ ಎಫ್8ರ ಮೇಲೆ ಹೋಗುತ್ತದೆ. ಎಫ್5 ಒತ್ತಿದರೆ ಸೇವ್, ಎಫ್8 ಒತ್ತಿದರೆ ಹಿಂದಿನ ಸೇವ್‌ಗೆ ವಾಪಸ್, ದಾಳ ಹೊಸದಾಗಿ ಉರುಳುತ್ತದೆ. ಈ ಎರಡು ಗುಂಡಿಗಳೇ ಆಟವನ್ನು ಕೆಡಿಸುವುದು.

ಮೂರು ಅಂಕಗಳ ಈ ಕಥೆಯ ಮೊದಲ ಅಂಕದ ಒಂದು ಘಟನೆ ನೋಡಿ. ಎಮರಾಲ್ಡ್ ಗ್ರೋವ್ ಎಂಬ ವನದಲ್ಲಿ ನಿರಾಶ್ರಿತರ ಮಗುವೊಂದು ಪೂಜೆಯ ವಿಗ್ರಹ ಕದ್ದು ಸಿಕ್ಕಿಬಿದ್ದಿದೆ. ವನದ ಮುಖಂಡೆ ಕಾಗಾ ಅದರ ಮುಂದೆ ಹಾವು ಬಿಟ್ಟು ನಿಂತಿದ್ದಾಳೆ. ಮಾತು ಗೆದ್ದರೆ ಮಗು ಉಳಿಯುತ್ತದೆ, ಎರಡನೇ ಅಂಕದಲ್ಲಿ ಮತ್ತೆ ಎದುರಾಗುತ್ತದೆ. ಸೋತರೆ ಹಾವು ಕಚ್ಚುತ್ತದೆ. ಹೊರಗೆ ಕಾಯುತ್ತಿರುವ ತಾಯಿ ತಂದೆಗೆ ಮುಖ ತೋರಿಸಬೇಕಾಗುತ್ತದೆ. ಆದರೆ ಕಥೆ ಅಲ್ಲಿ ಕಟ್ಟಾಗುವುದಿಲ್ಲ. ಕಾಗಾ ಯಾರ ಜೊತೆ ಕೈಜೋಡಿಸಿದ್ದಾಳೆ ಎಂಬ ಪತ್ರ ಜೌಗಿನಲ್ಲಿ ಒಂದು ಮರದ ಬಳಿ ಅಡಗಿದೆ. ಅದನ್ನು ತಂದು ಅವಳ ಮುಖಕ್ಕೆ ಹಿಡಿಯುವ ದಾರಿ, ಮಗು ಉಳಿದಿರಲಿ ಸತ್ತಿರಲಿ, ತೆರೆದೇ ಇರುತ್ತದೆ. ಮಗುವನ್ನು ಉಳಿಸಲಾಗದೆ ಆ ಪತ್ರ ಹುಡುಕಿಕೊಂಡು ಹೋದವರಿಗೆ ಅದರ ತೂಕವೇ ಬೇರೆ. ಎಫ್8 ಒತ್ತಿದವರಿಗೆ ಅದು ಇನ್ನೊಂದು ಕಾಗದ.

ಹಾಗೆಂದು ಕಣ್ಣುಮುಚ್ಚಿ ಸೋಲಬೇಕಿಲ್ಲ. ದಾಳದಿಂದ ಬಂದ ಸೋಲು ಬೇರೆ, ಗೊತ್ತಿಲ್ಲದ್ದರಿಂದ ಬಂದ ಸೋಲು ಬೇರೆ. ಎರಡನೆಯದನ್ನು ತಪ್ಪಿಸಬಹುದು, ತಪ್ಪಿಸಲೇಬೇಕು.

ಮುಖ್ಯವಾದದ್ದು ವಿಶ್ರಾಂತಿ. ಹುಳ ಯಾವ ಗಳಿಗೆಯಲ್ಲಾದರೂ ತಲೆ ತಿನ್ನಬಹುದು ಎಂದು ಕಥೆ ಹೆದರಿಸುತ್ತದೆ. ಅದನ್ನು ನಂಬಿ ಹೊಸಬರು ರಾತ್ರಿ ಬಿಡಾರಕ್ಕೆ ಹೋಗದೆ ಓಡುತ್ತಲೇ ಇರುತ್ತಾರೆ. ವಾಸ್ತವದಲ್ಲಿ ಆ ಹುಳಕ್ಕೆ ಗಡಿಯಾರವಿಲ್ಲ. ಜೊತೆಗಾರರ ಕಥೆ ಬಿಚ್ಚಿಕೊಳ್ಳುವುದೇ ಬಿಡಾರದ ರಾತ್ರಿಗಳಲ್ಲಿ. ವಿಶ್ರಾಂತಿ ಕಡಿಮೆಯಾದರೆ ಆ ದೃಶ್ಯಗಳು ಒಂದರ ಹಿಂದೊಂದು ಸಾಲುಗಟ್ಟಿ, ಕೆಲವು ಬಾರದೇ ಹೋಗುತ್ತವೆ. ಖರ್ಚಾದ ಮಂತ್ರಗಳೂ ಮರಳುವ ಈ ರಾತ್ರಿಯ ವಿಶ್ರಾಂತಿಗೆ, ಅಂದರೆ ಒಂದು ಲಾಂಗ್ ರೆಸ್ಟ್‌ಗೆ, 40 ಅಂಕದಷ್ಟು ಆಹಾರ ಬೇಕು, ಕಷ್ಟ ಹೆಚ್ಚಿರುವ ಟ್ಯಾಕ್ಟಿಶಿಯನ್ ಮಟ್ಟದಲ್ಲಿ 80. ಪೀಪಾಯಿ, ಪೆಟ್ಟಿಗೆ ಕಂಡಲ್ಲೆಲ್ಲ ತೆರೆದು, ಸಿಕ್ಕ ಆಹಾರವನ್ನು ನೇರ ಬಿಡಾರಕ್ಕೆ ಕಳಿಸುತ್ತಿದ್ದರೆ ಕೊರತೆ ಬೀಳುವುದಿಲ್ಲ. ನಡುವೆ ಎರಡು ಶಾರ್ಟ್ ರೆಸ್ಟ್ ಸಿಗುತ್ತವೆ, ತಂಡದಲ್ಲಿ ಎರಡನೇ ಲೆವೆಲ್ ಮುಟ್ಟಿದ ಬಾರ್ಡ್ (ಹಾಡುಗಾರ) ಇದ್ದರೆ ಮೂರು. ಇದಕ್ಕೆ ಅಪವಾದಗಳೂ ಇವೆ. ದಾರಿಯ ಪಕ್ಕದ ಛತ್ರ ಹೊತ್ತಿ ಉರಿಯುವುದನ್ನು ಕಂಡ ಮೇಲೆ ಮಲಗಿದರೆ ಒಳಗಿದ್ದವರು ಉಳಿಯುವುದಿಲ್ಲ. ಕಣ್ಣೆದುರಿನ ಅನಾಹುತ ಕಾಯುವುದಿಲ್ಲ, ಹುಳ ಕಾಯುತ್ತದೆ. ಇಷ್ಟು ನೆನಪಿಟ್ಟರೆ ಸಾಕು.

ಗೊತ್ತಿಲ್ಲದೆ ಕೈಸುಟ್ಟುಕೊಳ್ಳುವ ಇನ್ನೊಂದು ಜಾಗ ಎರಡನೇ ಅಂಕದ ಲಾಸ್ಟ್ ಲೈಟ್ ಛತ್ರ. ಶಾಪದ ಕತ್ತಲೆಯ ನಡುವೆ ಅಲ್ಲೊಂದೇ ಬೆಳಕಿದೆ, ಅದನ್ನು ಹಿಡಿದಿಟ್ಟವಳು ಮಹಡಿಯ ಮೇಲಿರುವ ಇಸೊಬೆಲ್. ಕತ್ತಲೆಯಲ್ಲಿ ಹೊಡೆದಾಡಿ, ಮಂತ್ರಗಳೆಲ್ಲ ಖಾಲಿಯಾಗಿ ಬಂದವರು ನೇರ ಮೆಟ್ಟಿಲು ಹತ್ತಿ ಅವಳನ್ನು ಮಾತಾಡಿಸುತ್ತಾರೆ. ಮಾತು ಮುಗಿಯುವ ಮೊದಲೇ ಅವಳನ್ನು ಹೊತ್ತೊಯ್ಯಲು ದಾಳಿಯಾಗುತ್ತದೆ. ಅವಳು ನೆಲಕ್ಕೆ ಬಿದ್ದರೆ ಬೆಳಕು ಆರಿ, ಛತ್ರದ ತುಂಬ ಇದ್ದ ಜನ ಪ್ರೇತಗಳಾಗಿ ನಿಮ್ಮ ಮೇಲೇ ಬೀಳುತ್ತಾರೆ; ಅವರ ಕಥೆಗಳೆಲ್ಲ ಅಲ್ಲಿಗೆ ಮುಗಿದವು. ಮಾಡಬೇಕಾದ್ದು ಸರಳ. ಮೊದಲು ಒಂದು ಲಾಂಗ್ ರೆಸ್ಟ್. ಮೇಲೆ ಹೋದ ಮೇಲೆ ತಂಡವನ್ನು ಬಿಡಿಸಿ, ಗುಣಪಡಿಸುವವರನ್ನು ಇಸೊಬೆಲ್ ಪಕ್ಕದಲ್ಲೂ ಬಿಲ್ಲಿನವರನ್ನು ಸ್ವಲ್ಪ ದೂರದಲ್ಲೂ ನಿಲ್ಲಿಸಿ. ನಾಲ್ಕನೆಯವನು ಮಾತಾಡಿಸಲಿ. ಯಾರು ಎಲ್ಲಿ ನಿಂತಿದ್ದರೋ ಅಲ್ಲಿಂದಲೇ ಕಾಳಗ ಶುರು.

ಕಾಳಗದಲ್ಲಿ ತಪ್ಪು ಹೆಚ್ಚಾಗಿ ಆಗುವುದು ಕಾನ್ಸಂಟ್ರೇಷನ್, ಅಂದರೆ ಏಕಾಗ್ರತೆ, ಬೇಕಾದ ಮಂತ್ರಗಳಲ್ಲಿ. ಒಬ್ಬರು ಒಂದು ಹೊತ್ತಿಗೆ ಅಂಥ ಒಂದನ್ನೇ ಹಿಡಿದಿಡಬಲ್ಲರು, ಎರಡನೆಯದು ಹಾಕಿದ ತಕ್ಷಣ ಮೊದಲನೆಯದು ಸದ್ದಿಲ್ಲದೆ ಹೋಗುತ್ತದೆ. ಏಟು ಬಿದ್ದಾಗಲೆಲ್ಲ 10 ಅಥವಾ ಬಿದ್ದ ಪೆಟ್ಟಿನ ಅರ್ಧ, ಯಾವುದು ದೊಡ್ಡದೋ ಅದನ್ನು ದಾಳದಲ್ಲಿ ಮುಟ್ಟಬೇಕು, ಇಲ್ಲದಿದ್ದರೆ ಮಂತ್ರ ಮುರಿಯುತ್ತದೆ. ಜೊತೆಗಾರನಿಗೆ ವೇಗ ಕೊಡುವ ಹೇಸ್ಟ್ ಮಂತ್ರ ಹಾಕಿದವರನ್ನು ಮುಂಚೂಣಿಗೆ ಬಿಡಬಾರದೆನ್ನುವುದು ಇದಕ್ಕೇ. ಅವರ ಏಕಾಗ್ರತೆ ಮುರಿದರೆ, ವೇಗ ಪಡೆದಿದ್ದ ಬಂಟ ಒಂದು ಸರದಿ ಪೂರ್ತಿ ಕೈಕಾಲು ಬಿಟ್ಟು ನಿಲ್ಲುತ್ತಾನೆ. ಎತ್ತರದಿಂದ ಬಾಣ ಬಿಟ್ಟರೆ ಗುರಿಗೆ 2 ಅಂಕ ಲಾಭ, ಕೆಳಗಿನಿಂದ ಬಿಟ್ಟರೆ 2 ನಷ್ಟ. ನೆನೆದ ಶತ್ರುವಿಗೆ ಮಿಂಚೂ ಹಿಮವೂ ಎರಡು ಪಟ್ಟು ತಾಗುತ್ತವೆ: ಲೈಟ್ನಿಂಗ್ ಬೋಲ್ಟ್‌ನ ಸರಾಸರಿ ಪೆಟ್ಟು 28, ಮೊದಲು ಒಂದು ನೀರಿನ ಬಾಟಲಿ ಎಸೆದಿದ್ದರೆ 56. ಮಳೆಗಾಲದ ಮುಂಬಯಿಯವರಿಗೆ ಇನ್ನೊಂದು ಮಾತು ಹೇಳಿಕೊಡಬೇಕಾಗಿಲ್ಲ: ಅದೇ ನೀರಿನಲ್ಲಿ ನಿಮ್ಮವರು ನಿಂತಿದ್ದರೆ ಅವರಿಗೂ ಕರೆಂಟು ಹೊಡೆಯುತ್ತದೆ.

ಪಾತ್ರ ಕಟ್ಟುವಾಗ ತಪ್ಪಿದ್ದರೆ ಹೊಸದಾಗಿ ಶುರುಮಾಡಬೇಕಾಗಿಲ್ಲ. ಬಿಡಾರಕ್ಕೆ ಬರುವ ವಿದರ್ಸ್ ಎಂಬ ಅಸ್ಥಿಪಂಜರದಂಥ ಮುದುಕನಿಗೆ 100 ಚಿನ್ನದ ನಾಣ್ಯ ಕೊಟ್ಟರೆ ಅಂಕಗಳನ್ನೆಲ್ಲ ಬಿಚ್ಚಿ ಹೊಸದಾಗಿ ಹಂಚಬಹುದು.

ಮೆಚ್ಚಿಕೊಂಡದ್ದರ ಜೊತೆಗೆ ಕೊರತೆಯನ್ನೂ ಹೇಳಬೇಕು. ಮೂರನೇ ಅಂಕದ ನಗರ ದಾದರ್ ಸೇತುವೆಯ ಸಂಜೆಯಂತೆ ಕಿಕ್ಕಿರಿದಿದೆ. ಹೆಜ್ಜೆಗೊಂದು ಕಥೆ ಎದುರಾಗಿ, ಮೊದಲ ಎರಡು ಅಂಕಗಳಲ್ಲಿದ್ದ ಬಿಗಿ ಸಡಿಲಗೊಳ್ಳುತ್ತದೆ. ಲೆವೆಲ್ 12ಕ್ಕೆ ಮಿತಿ ಇರುವುದರಿಂದ, ಉಪಕಥೆಗಳನ್ನೆಲ್ಲ ಆಡಿದವರು ಆಟ ಮುಗಿಯುವುದಕ್ಕೆ ಬಹಳ ಮೊದಲೇ ಅಲ್ಲಿಗೆ ಮುಟ್ಟಿ, ಆಮೇಲಿನ ಕಾಳಗಗಳಿಂದ ಏನೂ ಬೆಳೆಯದೆ ಉಳಿಯುತ್ತಾರೆ. ಚೀಲ ಜೋಡಿಸುವ ರಗಳೆಯಂತೂ ಕೇಳಬೇಡಿ. ಹಿಂಬಾಲಿಸುವ ಜೊತೆಗಾರರು ಕಣ್ಣಿಗೆ ಕಂಡ ಬಲೆಯ ಮೇಲೇ ಕಾಲಿಡುತ್ತಾರೆ. ಬಲೆ ಕಂಡ ಕೂಡಲೇ ಗುಂಪು ಬಿಡಿಸಿ ಒಬ್ಬರನ್ನೇ ಕಳಿಸುವುದು ಕ್ಷೇಮ.

ಕೊಳ್ಳುವವರಿಗೆ ಕೆಲವು ಲೆಕ್ಕ. ಡಿಸ್ಕ್‌ನಲ್ಲಿ 150 ಜಿಬಿ ಜಾಗ ಬೇಕು. 100 ಎಂಬಿಪಿಎಸ್ ಬ್ರಾಡ್‌ಬ್ಯಾಂಡ್ ಪೂರ್ತಿ ವೇಗದಲ್ಲಿ ಓಡಿದರೂ ಡೌನ್‌ಲೋಡ್‌ಗೆ 3 ಗಂಟೆ 20 ನಿಮಿಷ. 40 ಎಂಬಿಪಿಎಸ್ ಆದರೆ 8 ಗಂಟೆಗೂ ಮೇಲೆ, ಅಂದರೆ ರಾತ್ರಿ ಹಚ್ಚಿ ಮಲಗುವುದೇ ವಾಸಿ. ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕ್ ಇರಲೇಬೇಕೆಂದು ಕಂಪನಿಯೇ ಹೇಳಿದೆ. ಹಳೆಯ ಹಾರ್ಡ್ ಡಿಸ್ಕ್ ದೃಶ್ಯಗಳನ್ನು ಸಮಯಕ್ಕೆ ಸರಿಯಾಗಿ ಓದಿಕೊಡಲಾರದೆ ಗೋಡೆ, ಬಟ್ಟೆ, ಮುಖ ತಡವಾಗಿ ಮೂಡುತ್ತವೆ. ದುಡ್ಡಿದ್ದರೆ ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಮೊದಲು ಎಸ್‌ಎಸ್‌ಡಿ ತನ್ನಿ, ಗ್ರಾಫಿಕ್ಸ್ ಕಾರ್ಡ್ ಆಮೇಲೆ. ರ‍್ಯಾಮ್ ಕನಿಷ್ಠ 8 ಜಿಬಿ, 16 ಇದ್ದರೆ ನಿಶ್ಚಿಂತೆ. ಮೂರನೇ ಅಂಕದಲ್ಲಿ ಚಿತ್ರ ಜಗ್ಗಿದರೆ ಗ್ರಾಫಿಕ್ಸ್ ತಗ್ಗಿಸಿ ಹೆಚ್ಚು ಉಪಯೋಗವಾಗದು, ಅಲ್ಲಿ ಹೊರೆ ಬೀಳುವುದು ಅಷ್ಟೊಂದು ಜನರನ್ನು ನಡೆಸುವ ಪ್ರೊಸೆಸರ್ ಮೇಲೆ.

ಹೆತ್ತವರ ಗಮನಕ್ಕೆ: ಇದು 18 ದಾಟಿದವರ ಆಟ. ರಕ್ತವಿದೆ, ನಗ್ನತೆಯಿದೆ. ನಗ್ನತೆಯನ್ನು ಮರೆಮಾಡುವ ಆಯ್ಕೆ ಸೆಟ್ಟಿಂಗ್ಸ್‌ನಲ್ಲಿದೆ, ರಕ್ತ ಮಾತ್ರ ಕಾಣುತ್ತಲೇ ಇರುತ್ತದೆ. ಧ್ವನಿ ಇಂಗ್ಲಿಷಿನಲ್ಲಿ ಮಾತ್ರ. ಪಠ್ಯ ಕನ್ನಡವಿರಲಿ, ಹಿಂದಿ ಮರಾಠಿಯಲ್ಲೂ ಇಲ್ಲ. ಮಾತೇ ಬಂಡವಾಳವಾದ ಆಟಕ್ಕೆ ಇದು ಸಣ್ಣ ಕೊರತೆಯಲ್ಲ. ಸಮಾಧಾನವೆಂದರೆ ನೀವು ಉತ್ತರ ಆರಿಸುವವರೆಗೂ ಎದುರಿನವರು ಸುಮ್ಮನೆ ಕಾಯುತ್ತಾರೆ, ನಿಧಾನವಾಗಿ ಓದಿಕೊಳ್ಳಬಹುದು.

ಒಮ್ಮೆ ಮುಗಿಸಿದವರಿಗೆ ಆನರ್ ಮೋಡ್ ಇದೆ, 2023ರ ನವೆಂಬರ್‌ನಲ್ಲಿ ಸೇರಿಸಿದ್ದು. ಅದರಲ್ಲಿ ಇಡೀ ಆಟಕ್ಕೆ ಒಂದೇ ಸೇವ್, ಹಿಂದಕ್ಕೆ ಹೋಗುವಂತಿಲ್ಲ. ಕಷ್ಟ ವಿಪರೀತ, ಮೊದಲ ಸಲಕ್ಕೆ ಬೇಡ. ಮೊದಲ ಸಲ ಬ್ಯಾಲೆನ್ಸ್ಡ್ ಎಂಬ ಮಧ್ಯಮ ಮಟ್ಟದಲ್ಲೇ ಆಡಿ, ಕಾಳಗದಲ್ಲಿ ನಾಲ್ವರೂ ಸತ್ತಾಗ ಮಾತ್ರ ಎಫ್8 ಒತ್ತಿ. ಮಾತಿನಲ್ಲಿ ಸೋತಾಗ ಕೈ ಕಟ್ಟಿಕೊಂಡು ಕೂತಿರಿ.

— ಒಬ್ಬ ಓದುಗ, ಡೊಂಬಿವಲಿ