ಮಗಳಿಗೊಂದು ಪತ್ರ: ಶಾಸ್ತ್ರಕ್ಕೆ ಮಾಡೋದು ಬೇಡ

ಪುಟ್ಟಿ,

ನಿನ್ನೆ ಫೋನಿನಲ್ಲಿ ನೀನು ಅಂದಿದ್ದು ಇನ್ನೂ ಕಿವಿಯಲ್ಲೇ ಇದೆ. "ಸೀಮಂತ ಎಲ್ಲಾ ಬೇಡ ಅಮ್ಮ. ಸುಮ್ನೆ ಶಾಸ್ತ್ರಕ್ಕೆ ಯಾಕೆ ಮಾಡಬೇಕು?" ನನಗೆ ಬೇಜಾರಾಗಲಿಲ್ಲ. ಆದರೆ ಆ 'ಶಾಸ್ತ್ರಕ್ಕೆ' ಅನ್ನುವ ಮಾತು ತಲೆಯಲ್ಲಿ ಉಳಿಯಿತು. ಮದುವೆಯಲ್ಲಿ ಮಾಡುವುದಕ್ಕೂ ಶಾಸ್ತ್ರ ಅನ್ನುತ್ತೇವೆ. ಮನಸ್ಸಿಲ್ಲದೆ ಮಾಡಿ ಮುಗಿಸುವುದಕ್ಕೂ ಶಾಸ್ತ್ರಕ್ಕೆ ಮಾಡಿದೆ ಅನ್ನುತ್ತೇವೆ. ಎರಡಕ್ಕೂ ಒಂದೇ ಮಾತು ಬರಬೇಕಾದರೆ, ನಮ್ಮ ಹಿರಿಯರಿಗೂ ನಿನ್ನ ಅನುಮಾನವೇ ಇತ್ತು ಅನ್ನಿಸುತ್ತದೆ.

ಭೂಮಿ ಹುಣ್ಣಿಮೆಗೆ ಇನ್ನು ಎರಡೇ ದಿನ. ಜಗಲಿಯಲ್ಲಿ, ಗದ್ದೆಗೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿ ಮುಂದಿಟ್ಟುಕೊಂಡು ಕೂತಿದ್ದೇನೆ. ಸಗಣಿ ಬಳಿದು, ಕೆಮ್ಮಣ್ಣು ಹಚ್ಚಿ ಒಣಗಿಸಿದ್ದಾಗಿದೆ. ಅಕ್ಕಿ ಅರೆದ ಬಿಳಿಯಲ್ಲಿ, ಪುಂಡಿ ನಾರಿನ ಕುಂಚದಿಂದ ಚಿತ್ತಾರದ ಎಳೆ ಎಳೆಯಬೇಕು. ಕೈ ಮೊದಲಿನ ಹಾಗೆ ನಿಲ್ಲುವುದಿಲ್ಲ. ಆದರೂ ಬಿಡಲಾರೆ. ಈ ಹಬ್ಬ ಯಾಕೆ ಅಂತ ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ಬತ್ತ ಹೊಡೆ ಕಟ್ಟುವ ಹೊತ್ತು ಇದು. ಗದ್ದೆ ಬಸುರಿ. ಬಸುರಿಗೆ ಬಯಕೆ ತೀರಿಸಬೇಕಲ್ಲ? ಅದಕ್ಕೇ ರಾತ್ರಿಯೆಲ್ಲಾ ನಿದ್ದೆಗೆಟ್ಟು ಅಡುಗೆ. ನೂರೊಂದು ಕುಡಿ ಅಂತ ಕಾಡು, ಬೇಲಿ, ತೋಟದ ಸೊಪ್ಪೆಲ್ಲ ಒಂದೇ ಮಡಕೆಗೆ. ನಸುಕಿನಲ್ಲಿ ಬುಟ್ಟಿ ಹೊತ್ತು, 'ಅಚ್ಚಂಬ್ಲಿ, ಹಾಲಂಬ್ಲಿ' ಅಂತ ಕೂಗುತ್ತಾ ಆ ಅಡುಗೆಯನ್ನೇ ಚರಗ ಅಂತ ಗದ್ದೆಗೆಲ್ಲ ಬೀರುತ್ತಾರೆ. ಕಾಗೆಗೊಂದು ಎಡೆ, ಇಲಿಗೊಂದು ಎಡೆ. ಬೆಳೆ ತಿನ್ನುವ ಇಲಿಗೂ ಒಂದು ಎಡೆ! ಇನ್ನೊಂದನ್ನು ಮಣ್ಣಲ್ಲಿ ಹುಗಿಯುತ್ತಾರೆ.

ನಿಮ್ಮ ಅಪ್ಪ ಹೋದ ವರ್ಷ ಚರಗ ಬೀರಿ ಬಂದವರು ಕಾಲು ಕೂಡ ತೊಳೆಯದೆ ಗುದ್ದಲಿ ಹಿಡಿದು ವಾಪಸ್ ಓಡಿದರು. ಕೆಳಗಿನ ಗದ್ದೆಯ ಅಂಚಿನಲ್ಲಿ ಏಡಿ ತೂತು ಮಾಡಿ ನೀರೆಲ್ಲಾ ಸೋರುತ್ತಿತ್ತು. ಹೊಡೆ ಹೊತ್ತಿನಲ್ಲಿ ನೀರು ತಪ್ಪಿದರೆ ಕಾಳು ಜೊಳ್ಳು. ಎಷ್ಟು ದಿನದಿಂದ ಅವರು ಆ ಮೂಲೆಗೆ ಹೋಗಿರಲಿಲ್ಲ. ಶಾಸ್ತ್ರ ಅವರನ್ನು ಗದ್ದೆಯ ನಾಲ್ಕೂ ಮೂಲೆಗೆ ನಡೆಸಿತು. ಬಾಗಿಲಲ್ಲೇ ನಿಂತು ಒಂದು ಮುಷ್ಟಿ ಎಸೆದು ಬಂದಿದ್ದರೆ ಅದೂ ಹಬ್ಬವೇ ಆಗುತ್ತಿತ್ತು. ತೂತು ಮಾತ್ರ ಕಾಣುತ್ತಿರಲಿಲ್ಲ. ನಾನು ಕಾಟಾಚಾರ ಅನ್ನುವುದು ಅದನ್ನು.

ನೀನೂ ಶಾಸ್ತ್ರ ಮಾಡುತ್ತೀ, ಗೊತ್ತಾ? ದಿನಾ ರಾತ್ರಿ ಒಂಬತ್ತಕ್ಕೆ ಫೋನ್ ಮಾಡಿ "ಊಟ ಆಯ್ತಾ ಅಮ್ಮ?" ಅನ್ನುತ್ತೀ. ಆಗಿರುತ್ತದೆ ಅಂತ ನಿನಗೂ ಗೊತ್ತು. ನನ್ನ ದನಿ ಹೇಗಿದೆ ಅಂತ ಕೇಳಿಸಿಕೊಳ್ಳುತ್ತೀ. ಹೋದ ತಿಂಗಳು ನಾನು "ಹೂಂ, ಆಯ್ತು" ಅಂದ ರೀತಿಯಲ್ಲೇ ಜ್ವರ ಬಂದಿದೆ ಅಂತ ಕಂಡುಹಿಡಿದೆಯಲ್ಲ.

ಆದರೆ ನಿನ್ನ ಸಿಟ್ಟಿಗೆ ಕಾರಣ ಇದೆ ಅಂತ ನನಗೆ ಚೆನ್ನಾಗಿ ಗೊತ್ತು. ಇದುವರೆಗೂ ನಿನಗೆ ಹೇಳದ ಒಂದು ವಿಷಯ ಬರೆಯುತ್ತೇನೆ. ನೀನು ನನ್ನ ಹೊಟ್ಟೆಯಲ್ಲಿದ್ದಾಗ ನನ್ನ ಸೀಮಂತ ನಡೆಯಿತಲ್ಲ, ಅವತ್ತಿನ ಅಡುಗೆಯೆಲ್ಲಾ ನಿನ್ನ ದೊಡ್ಡಮ್ಮನದು. ಭಾವ ತೀರಿಕೊಂಡು ಆಗ ಎರಡು ವರ್ಷ. ಆರತಿಯ ಹೊತ್ತಿಗೆ ಹಿರಿಯರೊಬ್ಬರು "ನೀನು ಮುಂದೆ ಬರಬೇಡಮ್ಮ" ಅಂದರು. ಅಕ್ಕ ಅಡುಗೆಮನೆಯ ಬಾಗಿಲ ಹಿಂದೆ ಸರಿದಳು. ಉಡಿ ತುಂಬಿಸಿಕೊಳ್ಳುತ್ತಾ ನಾನು ಅವಳ ಸೀರೆಯ ಅಂಚು ನೋಡುತ್ತಿದ್ದೆ. ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ರಾತ್ರಿ ನೆಂಟರೆಲ್ಲಾ ಹೋದ ಮೇಲೆ ಅವಳೇ ಬಿಸಿನೀರು ತಂದು, ಊದಿಕೊಂಡ ನನ್ನ ಕಾಲು ತೊಳೆದು, ಎಣ್ಣೆ ತಿಕ್ಕಿದಳು. ನಾಳೆಯೇ ಡಾಕ್ಟರಿಗೆ ತೋರಿಸು ಅಂದವಳೂ ಅವಳೇ. ಅಷ್ಟು ಜನ ಬಂದು ಅಕ್ಷತೆ ಹಾಕಿ ಹೋದರು, ಒಬ್ಬರೂ ನನ್ನ ಕಾಲು ನೋಡಿರಲಿಲ್ಲ.

ಅಂಥ ಶಾಸ್ತ್ರ ನಿನಗೆ ಬೇಡ. ನನಗೂ ಬೇಡ. ಆದರೆ ಕೊಳೆ ಅಂತ ಬಟ್ಟೆಯನ್ನೇ ಎಸೆಯುತ್ತಾರಾ ಹೇಳು. ನಮ್ಮ ಕುಪ್ಪಳಿಯ ಕುವೆಂಪು ಪುರೋಹಿತರು ಬೇಡ, ಮುಹೂರ್ತ ಬೇಡ, ವರದಕ್ಷಿಣೆ ಬೇಡ ಅಂದರು. 1966ರಲ್ಲಿ ತಮ್ಮ ಮಗ ತೇಜಸ್ವಿಯ ಮದುವೆಯನ್ನು ಹಾಗೇ ಮಾಡಿಸಿದರು. ಹಾಗಂತ ಸುಮ್ನೆ ಸಹಿ ಹಾಕಿ ಮನೆಗೆ ಹೋಗಿ ಅನ್ನಲಿಲ್ಲ. ಗಂಡು ಹೆಣ್ಣು ನಾಲ್ಕು ಜನರ ಎದುರು ನಿಂತು, ತಮಗೆ ಅರ್ಥವಾಗುವ ಮಾತಲ್ಲಿ ಒಪ್ಪಿಗೆ ಹೇಳಬೇಕು ಅಂತ ಹೊಸದೊಂದು ಕ್ರಮವನ್ನೇ ಮಾಡಿದರು. ಮಂತ್ರಮಾಂಗಲ್ಯ ಅಂತ ಇವತ್ತಿಗೂ ಎಷ್ಟೋ ಜನ ಹಾಗೆ ಮದುವೆಯಾಗುತ್ತಾರೆ. ಅಷ್ಟು ಕಟುವಾಗಿ ಪುರೋಹಿತಶಾಹಿಯನ್ನು ಬಿಟ್ಟವರಿಗೂ ನಾಲ್ಕು ಜನರ ಎದುರು ನಿಲ್ಲುವುದನ್ನು ಬಿಡಬೇಕು ಅನ್ನಿಸಲಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಛತ್ರ ಬೇಡ, ಸ್ಟೇಜು ಬೇಡ, ಫೋಟೊದವರು ಬೇಡ. ಊರಿಗೆ ಬಾ. ನಮ್ಮ ಜಗಲಿಯಲ್ಲೇ ಕೂರು. ಹತ್ತು ಜನ ಹೆಂಗಸರು ಸಾಕು. ಗದ್ದೆ ಕೆಲಸಕ್ಕೆ ಬರುವವರೂ ಅದೇ ಪಂಕ್ತಿಯಲ್ಲಿ ಕೂರುತ್ತಾರೆ. ಮೊದಲು ನಿನ್ನ ಉಡಿ ತುಂಬುವವಳು ದೊಡ್ಡಮ್ಮ. ಯಾರಾದರೂ ಏನಾದರೂ ಅಂದರೆ ಈ ಸಲ ನಾನು ಮಾತಾಡುತ್ತೇನೆ. ಇಷ್ಟು ಕೇಳಿಯೂ ನಿನಗೆ ಬೇಡ ಅನ್ನಿಸಿದರೆ ಬೇಡ. ಒತ್ತಾಯ ಮಾಡುವುದಿಲ್ಲ.

ದೊಡ್ಡಮ್ಮನಿಗೆ ನಾನು ಇನ್ನೂ ಏನೂ ಹೇಳಿಲ್ಲ. ಬೆಳಿಗ್ಗೆ ಬೇಲಿ ಹತ್ತಿರ ಸೊಪ್ಪು ಕೊಯ್ಯುತ್ತಾ, "ಅವಳಿಗೆ ಅಮಟೆಕಾಯಿ ಗೊಜ್ಜು ಇಷ್ಟ ಅಲ್ವಾ, ಮಾಡಿ ಕಳಿಸಲಾ?" ಅಂತ ಕೇಳಿದಳು. ನೀನೇ ಒಂದು ಫೋನ್ ಮಾಡು ಅವಳಿಗೆ.

ನಿನ್ನ ಅಮ್ಮ