ಗುಂಡನಿಗೆ, ಮಂಡಿಯ ವಿಷಯವಾಗಿ

ಪ್ರೀತಿಯ ಗುಂಡ,

ಇದನ್ನು ಎಲ್ಲರಿಗೂ ಕಾಣುವ ಹಾಗೆ ಹಾಕುತ್ತಿದ್ದೇನೆ. ನಿನಗೊಬ್ಬನಿಗೇ ಕಳಿಸಿದರೆ ನೀನು ಓದೋದಿಲ್ಲ, ನಾಲ್ಕು ಜನ ಓದಿ ನಿನಗೆ ಹೇಳಿದರೆ ಓದುತ್ತೀಯ. ಛತ್ರಿ ವಿಷಯ ಎತ್ತೋದಿಲ್ಲ, ಹೆದರಬೇಡ.

ಒಂದು ಕಾರ್ಯಕ್ರಮಕ್ಕೆ ಕರೆದಿದ್ದಾರೆ ಮಾರಾಯ. ಪೋಸ್ಟರಿಗೆ 'ನನ್ನ ಯೋಗ ಪಯಣ' ಅಂತ ನಾಲ್ಕು ಸಾಲು ಬೇಕಂತೆ. ಬೇರೆಯವರು ಏನು ಬರೆದಿದ್ದಾರೆ ಅಂತ ನೋಡಿದೆ. ಎಲ್ಲರದ್ದೂ ಒಂದೇ ಕಥೆ. ಮೊದಲು ಕಾಯಿಲೆ, ಆಮೇಲೆ ಯೋಗ, ಆಮೇಲೆ ನಗುತ್ತಿರುವ ಫೋಟೋ.

ಯೋಗಗುರು ಬಿ.ಕೆ.ಎಸ್. ಅಯ್ಯಂಗಾರರಿಗೆ ಈ ಕಥೆ ಒಪ್ಪುತ್ತದೆ. 1918ರಲ್ಲಿ, ಇನ್‌ಫ್ಲುಯೆಂಜಾ ಹಬ್ಬಿದ್ದ ಹೊತ್ತಿನಲ್ಲಿ, ಕೋಲಾರ ಜಿಲ್ಲೆಯ ಬೆಳ್ಳೂರಿನಲ್ಲಿ ಹುಟ್ಟಿದವರು. ಮಲೇರಿಯಾ, ಟೈಫಾಯ್ಡ್, ಕ್ಷಯ, ಒಂದೂ ಬಿಡಲಿಲ್ಲ. ಮೈಸೂರಿನಲ್ಲಿ ಭಾವ ಕೃಷ್ಣಮಾಚಾರ್ಯರ ಹತ್ತಿರ ಕಲಿತರು, 1937ರಲ್ಲಿ ಪುಣೆಗೆ ಕಲಿಸಲು ಹೋದರು. ಆಗಿನ್ನೂ ಹದಿನೆಂಟರ ಹುಡುಗ.

ನನ್ನದು ಉಲ್ಟಾ. ಗಟ್ಟಿಮುಟ್ಟಾಗಿದ್ದೆ, ಬೇರೆ ಕೆಲಸ ಸಿಗಲಿಲ್ಲ, ಯೋಗಕ್ಕೆ ಬಂದೆ. ಇದು ನಿನಗೊಬ್ಬನಿಗೇ ಗೊತ್ತಿತ್ತು, ಈಗ ಊರಿಗೆಲ್ಲ ಗೊತ್ತಾಯಿತು. ಕಲಿಸಿ ಕಲಿಸಿ ಈಗ ಬಲ ಮಂಡಿ ನೋವು. ಕಲಿಸುವವನು ತರಗತಿಯಲ್ಲಿ ಅಭ್ಯಾಸ ಮಾಡೋದಿಲ್ಲ ಕಣೋ, ಮಾಡಿ ತೋರಿಸುತ್ತಾನೆ ಅಷ್ಟೇ. ಮೈ ಬಿಸಿಯಾಗಿರೋದಿಲ್ಲ, ಬಾಯಿ ನಿಂತಿರೋದಿಲ್ಲ, ಅದರ ಮಧ್ಯೆಯೇ ಕಾಲು ಮಡಚಿ, ಅದೂ ಯಾವಾಗಲೂ ಒಂದೇ ಕಡೆ, ತಕ್ಷಣ ಎದ್ದು ಇನ್ಯಾರದೋ ಬೆನ್ನು ನೆಟ್ಟಗೆ ಮಾಡಲು ಓಡುತ್ತಾನೆ. ಪದ್ಮಾಸನಕ್ಕೆ ಸೊಂಟದ ಕೀಲು ತಿರುಗಬೇಕು. ಅದು ತಿರುಗದಿದ್ದರೆ ಎಳೆತವೆಲ್ಲ ಮಂಡಿಗೆ ಬೀಳುತ್ತದೆ. ಮಂಡಿಯೋ ಬಾಗಿಲ ಕೀಲಿನ ಹಾಗೆ, ಮಡಚೋದು, ಬಿಚ್ಚೋದು ಬಿಟ್ಟರೆ ಜಾಸ್ತಿ ಏನೂ ಬರೋದಿಲ್ಲ. ಇದನ್ನು ದಿನಾ ಹೇಳುತ್ತೇನೆ. ಚೆನ್ನಾಗಿಯೇ ಹೇಳುತ್ತೇನೆ.

ಮನೆಯಲ್ಲಿ ಬಾಗಿಲು ಹಾಕಿಕೊಂಡು, ಕುರ್ಚಿ ಇಟ್ಟುಕೊಂಡು ಆಸನ ಮಾಡುತ್ತೇನೆ. ತರಗತಿಯಲ್ಲಿ ಕುರ್ಚಿ ಮುಟ್ಟೋದಿಲ್ಲ. ಅಯ್ಯಂಗಾರರು ನೋಡು, ಕುರ್ಚಿ, ಬೆಲ್ಟು, ಮರದ ಇಟ್ಟಿಗೆ ಎಲ್ಲವನ್ನೂ ಎಲ್ಲರೆದುರೇ ಬಳಸಿದವರು. 1979ರಲ್ಲಿ ಸ್ಕೂಟರ್ ಅಪಘಾತದಲ್ಲಿ ಬೆನ್ನಿಗೆ ಪೆಟ್ಟಾಯಿತು. ಅರವತ್ತರ ಆಸುಪಾಸಿನ ಮನುಷ್ಯ, ಜಗತ್ತೆಲ್ಲ ಗುರು ಅನ್ನುತ್ತಿದ್ದ ಕಾಲ, ಹೊಸಬರ ಹಾಗೆ ಮೊದಲಿಂದ ಶುರು ಮಾಡಿದರು. ನನಗೆ ಬೇಕಾದ ಭಾಗ ಇದು. ಪೋಸ್ಟರುಗಳಲ್ಲಿ ಬರೋದು ಮಾತ್ರ ಬಾಲ್ಯದ ಕ್ಷಯ.

ಮಂಡಿ ಹೋಗಲಿ ಬಿಡು. ಶವಾಸನದಲ್ಲಿ ಎಲ್ಲರೂ ಕಣ್ಣು ಮುಚ್ಚಿದ ಮೇಲೆ ನಾನು ಕುಂಟುತ್ತೇನೆ. 'ಭಾರವನ್ನೆಲ್ಲ ನೆಲಕ್ಕೆ ಬಿಡಿ' ಅಂತ ಆ ಮೆತ್ತಗಿನ ದನಿಯಲ್ಲಿ ಹೇಳುತ್ತಾ ಕುಂಟುತ್ತೇನೆ. ಅವರು ಏಳುವ ಹೊತ್ತಿಗೆ ನೆಟ್ಟಗೆ ನಿಂತಿರುತ್ತೇನೆ. ಇತ್ತೀಚೆಗೆ ಇಡೀ ತರಗತಿ ಆ ಐದು ನಿಮಿಷಕ್ಕೇ ಕಾಯುತ್ತಿರುತ್ತೇನೆ ಅನಿಸುತ್ತಿದೆ. ಆರೋಗ್ಯ ಕಲಿಸುವವನಿಗೇ ನೋವು ಅಂದರೆ ಯಾರು ಬರುತ್ತಾರೆ ಹೇಳು? ಮನೆಯಲ್ಲೂ ಹೇಳಿಲ್ಲ. 'ಮಂಡಿ ಊರಬೇಡಿ ಸಾರ್' ಅಂತ ಒಬ್ಬರಾದರೂ ನನಗೆ ಹೇಳಬಾರದಾ ಅಂತ ಆಸೆ. ನೋವನ್ನು ಬಚ್ಚಿಡುವವನೂ ನಾನೇ, ಯಾರೂ ಕೇಳಲಿಲ್ಲ ಅಂತ ಮುನಿಸಿಕೊಳ್ಳುವವನೂ ನಾನೇ.

ಸರಿ, ಜಾಸ್ತಿ ಆಯಿತು. ಡ್ರಾಮಾ ಮಾಡಬೇಡ ಅಂತ ನೀನು ಬೈಯುವ ಮೊದಲೇ ನಿಲ್ಲಿಸುತ್ತೇನೆ. ಪೋಸ್ಟರಿಗೆ 'ಬಾಲ್ಯದಿಂದಲೂ ಯೋಗದಲ್ಲಿ ಅಪಾರ ಆಸಕ್ತಿ' ಅಂತ ಬರೆದು ಕಳಿಸಿದ್ದೇನೆ. ಡ್ರಿಲ್ ಪೀರಿಯಡ್ಡಿನಲ್ಲಿ ನಾವಿಬ್ಬರೂ ಎಲ್ಲಿರುತ್ತಿದ್ದೆವು ಅನ್ನೋದನ್ನು ನೀನು ಯಾರಿಗೂ ಹೇಳೋದಿಲ್ಲ, ಅಲ್ವಾ?

ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳೇ, ಇದೆಲ್ಲ ಸುಮ್ನೆ ಬರೆದದ್ದು. ನಾಳೆ ಶವಾಸನದಲ್ಲಿ ಕಣ್ಣು ಬಿಟ್ಟು ನೋಡಿದವರಿಗೆ ಹತ್ತು ಸೂರ್ಯನಮಸ್ಕಾರ ಎಕ್ಸ್‌ಟ್ರಾ.

ನಿನ್ನವನೇ