ಸಂಚಾರಿ ಪ್ರಯೋಗಾಲಯದ ಸರಾಸರಿಯಲ್ಲಿ ಕಳೆದುಹೋಗುವ ಹೊಗೆ

ಮಾನ್ಯರೇ,

ಪೀಣ್ಯವಿರಲಿ, ಬೈಕಂಪಾಡಿಯಿರಲಿ, ಬೀದರ್‌ನ ಕೊಳಾರವಿರಲಿ, ಕೈಗಾರಿಕಾ ಪ್ರದೇಶದ ಸುತ್ತಲಿನವರು ಗಾಳಿ ಕೆಟ್ಟಿದೆ ಎಂದಾಗ ‘ಸಂಚಾರಿ ಪ್ರಯೋಗಾಲಯ ತರಿಸಿ’ ಎಂಬ ಒತ್ತಾಯ ಏಳುತ್ತದೆ. ಗಾಳಿ ಅಳೆಯುವ ಉಪಕರಣಗಳನ್ನು ಹೊತ್ತ ಆ ವ್ಯಾನ್ ಬಂದು ಒಂದು ದಿನ ನಿಂತು ‘ಎಲ್ಲ ಮಿತಿಯೊಳಗಿದೆ’ ಎಂಬ ವರದಿ ಕೊಟ್ಟರೆ ದೂರು ಅಲ್ಲಿಗೆ ಮುಗಿದಂತೆ. ಆ ವರದಿಯ ಪ್ರತಿ ಅಂಕಿಯೂ ಸರಿಯಿದ್ದು, ದೂರಿಗೆ ಮಾತ್ರ ಉತ್ತರ ಸಿಗದೇ ಹೋಗಬಹುದು.

ಲೆಕ್ಕ ನೋಡಿ. 2009ರ ರಾಷ್ಟ್ರೀಯ ವಾಯು ಗುಣಮಟ್ಟ ಮಾನದಂಡದಲ್ಲಿ ಸಲ್ಫರ್ ಡೈಆಕ್ಸೈಡ್‌ಗೆ 24 ಗಂಟೆಗಳ ಸರಾಸರಿ ಮಿತಿ ಘನ ಮೀಟರಿಗೆ 80 ಮೈಕ್ರೋಗ್ರಾಂ. ಒಂದು ಗಂಟೆಯ ಮಿತಿ ಇರುವುದು ಓಝೋನ್ ಮತ್ತು ಕಾರ್ಬನ್ ಮೊನಾಕ್ಸೈಡ್‌ಗೆ ಮಾತ್ರ. ರಾತ್ರಿ 3 ಗಂಟೆ ಕಾಲ 400 ಮೈಕ್ರೋಗ್ರಾಂ ಇದ್ದು, ಉಳಿದ 21 ಗಂಟೆ 15 ಇದ್ದರೆ ದಿನದ ಸರಾಸರಿ 63. ಕಾಗದದ ಮೇಲೆ ಶುದ್ಧ ಗಾಳಿ! ಚಳಿಗಾಲದ ರಾತ್ರಿ ನೆಲ ತಣ್ಣಗಾಗಿ, ತಂಪು ಗಾಳಿಯ ಪದರ ತಗ್ಗಿನಲ್ಲೇ ಕೂರುತ್ತದೆ. ಗಿಡ್ಡ ಚಿಮಣಿ ಮತ್ತು ಶೆಡ್ಡಿನ ಕಿಂಡಿಗಳಿಂದ ಬಂದ ಅನಿಲ ಅದರೊಳಗೇ ಸಿಕ್ಕಿಕೊಳ್ಳುತ್ತದೆ. ಎತ್ತರದ ಚಿಮಣಿಯ ಹೊಗೆಯಾದರೋ ರಾತ್ರಿಯೆಲ್ಲ ಮೇಲೆ ತೇಲುತ್ತಿದ್ದು, ಬಿಸಿಲೇರಿ ಗಾಳಿ ಕಲಕಲು ಶುರುವಾದ ಮೇಲೆ ನೆಲಕ್ಕಿಳಿಯುತ್ತದೆ. ಯಾವ ಮೂಲದಿಂದ ಯಾವ ಹೊತ್ತಿಗೆ ಎಂಬುದು ಗೊತ್ತಾಗಬೇಕಾದರೆ ಗಂಟೆಗಂಟೆಯ, ಸಾಧ್ಯವಾದರೆ 15 ನಿಮಿಷಗಳ ಅಂಕಿಗಳು ಬೇಕು. ಅದರ ಪಕ್ಕದಲ್ಲೇ ಗಾಳಿಯ ದಿಕ್ಕೂ ಬೇಕು.

ದಿಕ್ಕಿನಲ್ಲೇ ಹೆಚ್ಚು ಎಡವಟ್ಟಾಗುವುದು. ವ್ಯಾನಿನ ಗಾಳಿಮಾಪಕದ ‘ಉತ್ತರ’ ವಾಹನದ ಮೈಗೆ ಅಂಟಿಕೊಂಡಿರುತ್ತದೆ. ವ್ಯಾನನ್ನು ಬೇರೆ ಮುಖವಾಗಿ ನಿಲ್ಲಿಸಿ ಹೊಂದಿಸದೇ ಬಿಟ್ಟರೆ ಪೂರ್ವದ ಕಾರ್ಖಾನೆಯ ಹೊಗೆ ದಕ್ಷಿಣದ ಕೆರೆಯಿಂದ ಬಂದಂತೆ ದಾಖಲಾಗುತ್ತದೆ. ಕಬ್ಬಿಣದ ಮೈಯ ಪಕ್ಕ ಹಿಡಿದ ದಿಕ್ಸೂಚಿಯೂ ಸುಳ್ಳು ಹೇಳುತ್ತದೆ, ವಾಹನದಿಂದ ದೂರ ನಿಂತೇ ದಿಕ್ಕು ನೋಡಬೇಕು. ಸೆಕೆಂಡಿಗೆ ಅರ್ಧ ಮೀಟರಿಗಿಂತ ಕಡಿಮೆ ವೇಗದ ಗಾಳಿಯಲ್ಲಿ ದಿಕ್ಕಿನ ಅಂಕಿಗೆ ಅರ್ಥವಿಲ್ಲ. ಸರಾಸರಿ ತೆಗೆಯುವಾಗಲೂ ಎಚ್ಚರ ಬೇಕು: 350 ಮತ್ತು 10 ಡಿಗ್ರಿಗಳನ್ನು ಸುಮ್ಮನೆ ಕೂಡಿ ಭಾಗಿಸಿದರೆ ಉತ್ತರದ ಗಾಳಿ ದಕ್ಷಿಣದ್ದಾಗುತ್ತದೆ.

ನಿಲ್ಲಿಸುವ ಜಾಗಕ್ಕೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ನಿಯಮಗಳಿವೆ. ಗಾಳಿ ಹೀರುವ ಬಾಯಿ ನೆಲದಿಂದ 3ರಿಂದ 10 ಮೀಟರ್ ಎತ್ತರದಲ್ಲಿರಬೇಕು, ಮರಗಳಿಂದ 20 ಮೀಟರಿಗಿಂತ ದೂರವಿರಬೇಕು, ನಾಲ್ಕರಲ್ಲಿ ಮೂರು ದಿಕ್ಕು ತೆರೆದಿರಬೇಕು. ಕಾಂಪೌಂಡ್ ಒಳಗೆ ನೆರಳು ನೋಡಿ ನಿಲ್ಲಿಸಿದ ವ್ಯಾನ್ ಇದರಲ್ಲಿ ಹೆಚ್ಚಿನವನ್ನು ಪಾಲಿಸಿರುವುದಿಲ್ಲ. ಮಣ್ಣುರಸ್ತೆಯ ಅಂಚಿನಲ್ಲಿ ನಿಂತರೆ ಪಿಎಂ 10 (10 ಮೈಕ್ರಾನ್‌ವರೆಗಿನ ಸೂಕ್ಷ್ಮ ಕಣಗಳು) ಹೆಸರಿನಲ್ಲಿ ಅಳೆದದ್ದು ಲಾರಿಯ ಧೂಳು. ವ್ಯಾನಿನದೇ ಜನರೇಟರ್ ಓಡುತ್ತಿದ್ದರೆ ನೈಟ್ರೋಜನ್ ಆಕ್ಸೈಡ್‌ಗಳ ಅಂಕಿಯಲ್ಲಿ ಅದರ ಪಾಲೂ ಸೇರುತ್ತದೆ. ಪಕ್ಕದ ಕಟ್ಟಡದಿಂದ ವಿದ್ಯುತ್ ಪಡೆಯುವುದೇ ಸರಿ. ಆಗದಿದ್ದರೆ ಜನರೇಟರ್ ಕಡೆಯಿಂದ ಗಾಳಿ ಬೀಸಿದ ಹೊತ್ತಿನ ಅಂಕಿಗಳನ್ನು ಕೈಬಿಟ್ಟು, ಎಷ್ಟು ಬಿಟ್ಟೆವೆಂದು ಬರೆಯಬೇಕು.

ನಮ್ಮ ರಸ್ತೆಗಳ ಕುಲುಕಾಟದಲ್ಲಿ ಟೆಫ್ಲಾನ್ ಕೊಳವೆಗಳ ಜೋಡಣೆ ಸಡಿಲಾಗುತ್ತದೆ. ಆಗ ಉಪಕರಣ ಹೊರಗಿನ ಗಾಳಿಯ ಬದಲು ವ್ಯಾನಿನೊಳಗಿನ ಗಾಳಿಯನ್ನು ಹೀರುತ್ತದೆ. ಅಂಕಿಗಳ ನಕ್ಷೆಯಲ್ಲಿ ಏರಿಳಿತವೇ ಇಲ್ಲದ ತಗ್ಗಿನ ಗೆರೆ ಕಂಡರೆ ಸಂತೋಷಪಡುವ ಮೊದಲು ಸೋರಿಕೆ ಹುಡುಕಬೇಕು. ಹಾಗಾಗಿ ಪ್ರತಿ ಸಲ ಜಾಗ ಬದಲಿಸಿದ ಮೇಲೆ ಶೂನ್ಯ ಗಾಳಿ (ಮಾಲಿನ್ಯ ತೆಗೆದ ಗಾಳಿ) ಮತ್ತು ಪ್ರಮಾಣ ಮೊದಲೇ ಗೊತ್ತಿರುವ ಸಿಲಿಂಡರ್ ಅನಿಲವನ್ನು ಉಪಕರಣದ ಬೆನ್ನಿಗಲ್ಲ, ಗಾಳಿ ಹೀರುವ ಬಾಯಿಗೇ ಕೊಟ್ಟು ಪರೀಕ್ಷಿಸಬೇಕು. ನೈಟ್ರೋಜನ್ ಆಕ್ಸೈಡ್ ಮಾಪಕದ ಮಾಲಿಬ್ಡಿನಂ ಪರಿವರ್ತಕ (ನೈಟ್ರೋಜನ್ ಡೈಆಕ್ಸೈಡನ್ನು ಮಾಪಕ ಓದಬಲ್ಲ ನೈಟ್ರಿಕ್ ಆಕ್ಸೈಡ್ ಆಗಿಸುವ ಭಾಗ) ಸುಮಾರು 315 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕೆಲಸ ಮಾಡುತ್ತದೆ. ಕರೆಂಟ್ ಹೋಗಿ ಬಂದಾಗ ಅದು ಪುನಃ ಕಾದು ಸ್ಥಿರವಾಗುವವರೆಗಿನ ಅಂಕಿಗಳು ಕಸ. ಕರಾವಳಿಯದು ಇನ್ನೊಂದು ಪಾಡು: ಮಳೆಗಾಲದಲ್ಲಿ ಒಳಗೆ ಎಸಿ 22 ಡಿಗ್ರಿಗಿಟ್ಟರೆ ಕೊಳವೆಯೊಳಗೆ ನೀರು ಹನಿಗಟ್ಟಿ ಸಲ್ಫರ್ ಡೈಆಕ್ಸೈಡ್ ಅದರಲ್ಲೇ ಕರಗುತ್ತದೆ. ಕೊಳವೆಗೆ ಹೊದಿಕೆ ಸುತ್ತಿ ತುಸು ಬೆಚ್ಚಗಿಡಬೇಕು, ಎಸಿಯನ್ನು ಒಂದಿಷ್ಟು ಏರಿಸಬೇಕು.

ಔಷಧ ಕಾರ್ಖಾನೆಗಳ ನೆರೆಯವರ ದೂರು ವಾಸನೆಯದು. ಮಾನದಂಡದ 12 ಮಾಲಿನ್ಯಕಾರಕಗಳಲ್ಲಿ ದ್ರಾವಕದ (ಬೇರೆ ವಸ್ತು ಕರಗಿಸಲು ಬಳಸುವ ದ್ರವದ) ಆವಿ ಎಂದರೆ ಬೆಂಜೀನ್ ಒಂದೇ. ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಆ ಪಟ್ಟಿಯಲ್ಲಿಲ್ಲ. ಕೈಯಲ್ಲಿ ಹಿಡಿಯುವ ಆವಿಮಾಪಕ ತನ್ನ ದೀಪದ ಬೆಳಕಿನ ಶಕ್ತಿಯಿಂದ ಆವಿಯನ್ನು ಗುರುತಿಸುತ್ತದೆ; ಆ ಶಕ್ತಿ ಸಾಮಾನ್ಯವಾಗಿ 10.6 ಎಲೆಕ್ಟ್ರಾನ್ ವೋಲ್ಟ್, ಅದಕ್ಕಿಂತ ಹೆಚ್ಚು ಬೇಡುವ ಆವಿ ಮಾಪಕಕ್ಕೆ ಕಾಣದು. ಹಾಗಾಗಿ ಅದಕ್ಕೆ ಟಾಲುಯಿನ್ ಕಾಣುತ್ತದೆ, ಆದರೆ 11.3 ಬೇಡುವ ಮೆಥಿಲೀನ್ ಡೈಕ್ಲೋರೈಡ್ ಕಾಣದು, ಮೆಥನಾಲ್ ಕೂಡ ಕಾಣದು. ಪರದೆಯ ಮೇಲೆ ಸೊನ್ನೆ ಬಂದರೆ ದ್ರಾವಕವಿಲ್ಲ ಎಂದಲ್ಲ. ವಾಸನೆ ಬಂದ ಗಳಿಗೆಯಲ್ಲೇ ನಿರ್ವಾತ ಮಾಡಿಟ್ಟ 6 ಲೀಟರಿನ ಉಕ್ಕಿನ ಡಬ್ಬಿ ತೆರೆದು ಗಾಳಿ ತುಂಬಿಸಿ ಗ್ಯಾಸ್ ಕ್ರೊಮಾಟೋಗ್ರಫಿಗೆ (ಮಿಶ್ರ ಆವಿಗಳನ್ನು ಬೇರ್ಪಡಿಸಿ ಗುರುತಿಸುವ ಪರೀಕ್ಷೆಗೆ) ಕಳಿಸಬೇಕು. ಮರುದಿನ ಹತ್ತು ಗಂಟೆಗೆ ಬರುವ ವ್ಯಾನಿಗೆ ಸಿಗುವುದು ಮರುದಿನದ ಗಾಳಿ.

ಓಡುತ್ತಲೇ ಅಳೆಯುವ ವಾಹನ ಬೇರೆಯದೇ ಬಗೆ. ಗಂಟೆಗೊಂದು ಅಂಕಿ ಕೊಡುವ ಬೀಟಾ ಕಿರಣದ ಧೂಳುಮಾಪಕ ಅಲ್ಲಿ ಉಪಯೋಗಕ್ಕಿಲ್ಲ, ಸೆಕೆಂಡಿಗೊಮ್ಮೆ ಓದುವ ಕಪ್ಪು ಇಂಗಾಲದ (ಮಸಿಯ) ಮಾಪಕದಂಥವು ಬೇಕು. ಅಮೆರಿಕದ ಓಕ್ಲೆಂಡ್‌ನಲ್ಲಿ ಹೀಗೆ ಅಳೆದು ರಸ್ತೆಯ 30 ಮೀಟರಿಗೊಂದು ಅಂಕಿ ಕೊಟ್ಟ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಅದೇ ಬೀದಿಗಳಲ್ಲಿ ಬೇರೆ ಬೇರೆ ದಿನ ಮತ್ತೆ ಮತ್ತೆ ಓಡಿದ್ದರಿಂದಲೇ ಆ ನಕ್ಷೆಗೆ ಬೆಲೆ. ಒಂದೇ ಸುತ್ತಿನಲ್ಲಿ ಸಿಗುವುದು ಮುಂದಿದ್ದ ಬಸ್ಸಿನ ಹೊಗೆ.

ಆದ್ದರಿಂದ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ ನಮ್ಮ ಕೋರಿಕೆ: ದೂರಿನ ಜಾಗದಲ್ಲಿ ಕಾರ್ಖಾನೆಯ ಗಾಳಿಮೇಲಿನ (ಗಾಳಿ ಬರುವ) ಮತ್ತು ಗಾಳಿಕೆಳಗಿನ (ಗಾಳಿ ಹೋಗುವ) ಎರಡೂ ಬದಿ ಏಕಕಾಲಕ್ಕೆ ಅಳೆಯಲಿ. ವ್ಯಾನ್ ಒಂದೇ ಇದ್ದರೆ ಗಾಳಿ ತಿರುಗುವವರೆಗಾದರೂ, ಅಂದರೆ ಕನಿಷ್ಠ ಎರಡು ವಾರ, ಅಲ್ಲೇ ನಿಲ್ಲಲಿ, ಚಳಿಗಾಲದಲ್ಲೊಮ್ಮೆ, ಬೇಸಿಗೆಯಲ್ಲೊಮ್ಮೆ. ವರ್ಷದ ಮಿತಿಗೆ ಹೋಲಿಸಲು ವಾರಕ್ಕೆರಡರಂತೆ 104 ಮಾಪನ ಬೇಕೆಂದು ಮಾನದಂಡವೇ ಹೇಳುತ್ತದೆ; ಸತತ ಎರಡು ದಿನ ಮಿತಿ ಮೀರಿದರೆ ನಿರಂತರ ಮಾಪನಕ್ಕೂ ಹೆಚ್ಚಿನ ತನಿಖೆಗೂ ಅದೇ ಸಾಕಷ್ಟು ಕಾರಣ ಎಂದೂ ಹೇಳುತ್ತದೆ. ಗಂಟೆವಾರು ಅಂಕಿ, ಗಾಳಿಯ ದಿಕ್ಕು, ವ್ಯಾನ್ ನಿಂತ ಜಾಗದ ಫೋಟೊ, ಸಿಲಿಂಡರ್ ಪರೀಕ್ಷೆಯ ದಾಖಲೆ ಇವಿಷ್ಟನ್ನೂ ವರದಿಯ ಜೊತೆಗೇ ಜಾಲತಾಣಕ್ಕೆ ಹಾಕಲಿ. ಉಕ್ಕಿನ ಡಬ್ಬಿಗಳನ್ನು ಪ್ರಾದೇಶಿಕ ಕಚೇರಿಯ ಬೀಗದೊಳಗಲ್ಲ, ರಾತ್ರಿ ಪಾಳಿಯಲ್ಲಿ ಎಚ್ಚರವಿರುವ ಹತ್ತಿರದ ಅಗ್ನಿಶಾಮಕ ಠಾಣೆಯಲ್ಲಿ ಇಡುವುದು ಒಳ್ಳೆಯದು.

– ವಾಯುಮಾಪನ ಉಪಕರಣಗಳ ತಂತ್ರಜ್ಞರು, ಬೆಂಗಳೂರು